ಐದನೆಯ ಟ್ರಸ್ಸಿನ ಬಿಗಿತ

ಕೊರೊನಾ ಮುಗಿದ ಮೇಲಿನ ಎರಡನೆಯ ಚಳಿಗಾಲ. ಆಗ ನನಗೆ ಮೂವತ್ತಮೂರು ವರ್ಷ. ಬೆಂಗಳೂರಿನಲ್ಲಿ ಎಂಟು ವರ್ಷ ಸ್ಟ್ರಕ್ಚರಲ್ ಡಿಸೈನ್ ಮಾಡಿ, ಕೆಲಸ ಬಿಟ್ಟು, ಯುರೋಪಿನಲ್ಲಿ ಕಂಪ್ಯುಟೇಶನಲ್ ಎಂಜಿನಿಯರಿಂಗ್ ಮಾಸ್ಟರ್ಸ್‌ಗೆ ಸೇರಿದ್ದೆ. ಎರಡು ದೇಶಗಳ ಎರಡು ವಿಶ್ವವಿದ್ಯಾಲಯಗಳು ಕೂಡಿ ಕೊಡುವ ಒಂದೇ ಪದವಿ ಅದು. ಮೊದಲ ವರ್ಷ ಜರ್ಮನಿ, ಮೂರನೆಯ ಸೆಮಿಸ್ಟರ್ ಸ್ವೀಡನ್. ಕೊನೆಯ ಆರು ತಿಂಗಳ ಥೀಸಿಸ್ಸನ್ನು ಹೊರಗಿನ ಯಾವ ಕಂಪನಿಯಲ್ಲಾದರೂ ಮಾಡಬಹುದಿತ್ತು. ನಾನು ಶಿಕಾಗೊದ ವಾಯವ್ಯ ಉಪನಗರದ ಒಂದು ಸಣ್ಣ ಸ್ಟ್ರಕ್ಚರಲ್ ಕನ್ಸಲ್ಟಿಂಗ್ ಕಚೇರಿಗೆ ಬಂದೆ.

ಒಂದು ಕಟ್ಟಡವನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಒಡೆದು ಕಂಪ್ಯೂಟರಿನಲ್ಲಿ ಅದರ ಮಾಡೆಲ್ ಕಟ್ಟುವುದನ್ನು ಜರ್ಮನಿಯಲ್ಲಿ ಕಲಿಸಿದ್ದರು. ಆ ಮಾಡೆಲನ್ನು ಎಷ್ಟರ ಮಟ್ಟಿಗೆ ನಂಬಬೇಕು ಎನ್ನುವುದನ್ನು ಸ್ವೀಡನ್ನಿನಲ್ಲಿ ಕಲಿಸಿದರು. ಎರಡನೆಯ ಪಾಠದಲ್ಲಿ ನನಗೆ ಹೆಚ್ಚು ಅಂಕ ಬಂದಿತ್ತು. ಪಾಠ ಮಾತ್ರ ತಲೆಗೆ ಹೋಗಿರಲಿಲ್ಲ ಎಂದು ಆ ಚಳಿಗಾಲದಲ್ಲಿ ತಿಳಿಯಿತು.

ಥೀಸಿಸ್‌ಗೆ ನನಗೆ ಸಿಕ್ಕಿದ್ದು ಒಂದು ಹಳೆಯ ಗೋದಾಮು. ಐವತ್ತು ವರ್ಷದ ಹಿಂದಿನ ಉಕ್ಕಿನ ಚಾವಣಿ, ಹನ್ನೆರಡು ಟ್ರಸ್ಸುಗಳು. ಟ್ರಸ್ಸೆಂದರೆ ಗೋಡೆಯಿಂದ ಗೋಡೆಗೆ ಚಾಚಿ ಚಾವಣಿಯನ್ನು ಹೊರುವ ಉಕ್ಕಿನ ಜಾಲ. ಆ ಗೋದಾಮನ್ನು ಯಾರೋ ಬ್ಯಾಡ್ಮಿಂಟನ್ ಹಾಲ್ ಮಾಡಿ ಆರು ಕೋರ್ಟು ಹಾಕಿಸಿದ್ದರು. ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಬೇಕೆಂದು ಮಾಲೀಕರ ಆಸೆ. ಅದಕ್ಕೆ ಮೊದಲು ಒಂದು ಚಳಿಗಾಲ ಚಾವಣಿ ಹಿಮದ ಭಾರಕ್ಕೆ ಎಷ್ಟು ಬಾಗುತ್ತದೆಂದು ನೋಡಲು ನಮ್ಮ ಕಚೇರಿ ಟ್ರಸ್ಸಿಗೊಂದರಂತೆ ಸೆನ್ಸರ್ ಹಾಕಿತ್ತು. ಹತ್ತು ನಿಮಿಷಕ್ಕೊಮ್ಮೆ ಅವುಗಳ ಅಳತೆ ನನ್ನ ಸ್ಕ್ರೀನಿಗೆ ಬರುತ್ತಿತ್ತು. ಅಳತೆಗೆ ಹೊಂದುವ ಮಾಡೆಲ್ ಕಟ್ಟುವುದು ನನ್ನ ಕೆಲಸ.

ನಾನು ಬಾಡಿಗೆಗಿದ್ದದ್ದು ಹತ್ತಿರದ ಊರಾದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ, ಮೈಸೂರಿನ ಜಯಂತಿ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ. ಅವರ ಮಗಳು ಅನಿಕಾಗೆ ಹತ್ತು ವರ್ಷ. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಅವಳ ಬ್ಯಾಡ್ಮಿಂಟನ್ ಕೋಚಿಂಗ್ ಅದೇ ಹಾಲಿನಲ್ಲಿ.

ಡಿಸೆಂಬರಿನ ಮೊದಲ ಹಿಮಕ್ಕೆ ಐದನೆಯ ಟ್ರಸ್ಸು ಹನ್ನೊಂದು ಮಿಲಿಮೀಟರ್ ಬಾಗಬೇಕೆಂದು ಮಾಡೆಲ್ ಹೇಳಿತು. ಬಾಗಿದ್ದು ಹನ್ನೆರಡು. ಇಂಥ ಅಲ್ಪ ವ್ಯತ್ಯಾಸ ಸಾಮಾನ್ಯ. ಟ್ರಸ್ಸಿನ ತುದಿ ಗೋಡೆಗೆ ಎಷ್ಟು ಬಿಗಿಯಾಗಿ ಕೂತಿದೆ ಎನ್ನುವುದಕ್ಕೆ ಮಾಡೆಲಿನಲ್ಲಿ ಒಂದು ಅಂಕಿ ಇರುತ್ತದೆ. ಅದಕ್ಕೆ ನಾನು ನೂರು, ಅಂದರೆ ಪೂರ್ತಿ ಬಿಗಿ ಎಂದು ಕೊಟ್ಟಿದ್ದೆ. ತೊಂಬತ್ತನಾಲ್ಕು ಮಾಡಿದೆ. ಗ್ರಾಫಿನಲ್ಲಿ ಅಳತೆಯ ಗೆರೆಯ ಮೇಲೆ ಮಾಡೆಲಿನ ಗೆರೆ ಕೂತಿತು.

ಮುಂದಿನ ಹಿಮಕ್ಕೆ ಮತ್ತೆ ಸ್ವಲ್ಪ ತಪ್ಪಿತು. ಎಂಬತ್ತೆಂಟು ಮಾಡಿದೆ. ಆಮೇಲೆ ಎಂಬತ್ತೊಂದು, ಎಪ್ಪತ್ತಮೂರು. ಪ್ರತಿಸಲವೂ ಗ್ರಾಫು ಅಚ್ಚುಕಟ್ಟಾಗಿ ಹೊಂದುತ್ತಿತ್ತು. ಜರ್ಮನಿಯ ಗೈಡ್ 'ಅತ್ಯುತ್ತಮ ಹೊಂದಿಕೆ' ಎಂದು ಮೇಲ್ ಬರೆದರು. ನಮ್ಮ ಕಚೇರಿಯ ಹಿರಿಯ ಎಂಜಿನಿಯರ್ ಪಾಟೀಲ ಸರ್ ಬೆಳಗಾವಿ ಕಡೆಯವರು. ನನ್ನ ಸ್ಕ್ರೀನ್ ನೋಡಿ ಬೆನ್ನು ತಟ್ಟುವಂತೆ ನಕ್ಕರು. "ಹೊಂದೇತಲ್ರೀ ಸುಮಾ! ಇನ್ನ ಬರದ್ ಮುಗಸ್ರಿ."

ಜನವರಿಯ ಕೊನೆಯ ಶುಕ್ರವಾರ ಬೆಳಿಗ್ಗೆ ಸ್ವೀಡನ್ನಿನ ಗೈಡ್ ಜೊತೆ ವಿಡಿಯೊ ಕಾಲ್ ಇತ್ತು. ಅಂಕಿ ಅಷ್ಟರಲ್ಲಿ ಐವತ್ತೆರಡಕ್ಕೆ ಬಂದಿತ್ತು. ಆಕೆ ವಯಸ್ಸಾದ, ಮಾತು ಕಡಿಮೆಯ ಹೆಂಗಸು. ನನ್ನ ಗ್ರಾಫುಗಳನ್ನೆಲ್ಲ ನೋಡಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಈ ಅಂಕಿ ಪ್ರತಿ ವಾರ ಇಳಿಯುತ್ತಿರುವುದೇಕೆ?"

"ಮಾಡೆಲ್ ಸುಧಾರಿಸುತ್ತಿದೆ" ಎಂದೆ.

"ಸುಧಾರಿಸುವ ಮಾಡೆಲ್ ಒಂದು ಕಡೆ ನಿಲ್ಲಬೇಕಲ್ಲ?" ಎಂದರು.

ಕಾಲ್ ಮುಗಿದ ಮೇಲೆ ಆ ಅಂಕಿಯನ್ನಷ್ಟೇ ತೆಗೆದುಕೊಂಡು, ಹನ್ನೆರಡೂ ಟ್ರಸ್ಸಿಗೆ ಅದು ವಾರ ವಾರಕ್ಕೆ ಎಷ್ಟಿತ್ತೆಂದು ಮಧ್ಯಾಹ್ನದವರೆಗೆ ಕೂತು ಗೆರೆ ಎಳೆದೆ. ಉಳಿದ ಹನ್ನೊಂದು ಟ್ರಸ್ಸುಗಳ ಗೆರೆ ನೆಟ್ಟಗೆ ಮಲಗಿತ್ತು. ಐದನೆಯದು ಕೆಳಗಿಳಿಯುತ್ತಿತ್ತು, ವಾರದಿಂದ ವಾರಕ್ಕೆ ಇಳಿಜಾರು ಕಡಿದಾಗುತ್ತಿತ್ತು. ನಡುವೆ ಒಮ್ಮೆ ಹಿಮ ಪೂರ್ತಿ ಕರಗಿದ್ದ ವಾರದಲ್ಲೂ ಟ್ರಸ್ಸು ಮೊದಲಿನ ಜಾಗಕ್ಕೆ ಮರಳಿರಲಿಲ್ಲ. ಒಟ್ಟು ಬಾಗು ಅಲಾರಂ ಮಿತಿಯೊಳಗೇ ಇದ್ದುದರಿಂದ ಯಾವ ಗಂಟೆಯೂ ಹೊಡೆದಿರಲಿಲ್ಲ. ಆ ತುದಿಯಲ್ಲಿ ಏನೋ ಬಿಡುತ್ತಿತ್ತು. ಸೆನ್ಸರ್ ಅದನ್ನು ಆರು ವಾರದಿಂದ ಹೇಳುತ್ತಿತ್ತು, ನಾನು ಪ್ರತಿ ಸಲ ಅಂಕಿ ತಿದ್ದಿ ಅದರ ಬಾಯಿ ಮುಚ್ಚಿಸುತ್ತಿದ್ದೆ.

ಹವಾಮಾನ ನೋಡಿದೆ. ಶನಿವಾರ ಬೆಳಗಿನಿಂದ ಎಂಟು ಇಂಚು ಹಿಮ, ಮಧ್ಯಾಹ್ನ ಮೂವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ ತುಸುವೇ ಮೇಲೆ, ಮಳೆ. ಹಿಮ ಮಳೆನೀರು ಹೀರಿಕೊಂಡರೆ ಭಾರ ವಿಪರೀತ ಏರುತ್ತದೆ.

ಪಾಟೀಲ ಸರ್ ಹತ್ತಿರ ಹೋದೆ. ಅವರು ಐದನೆಯ ಗೆರೆಯ ಮೇಲೆ ಬೆರಳಾಡಿಸಿದರು.

"ಇದು ಸ್ಟೂಡೆಂಟ್ ಪ್ರಾಜೆಕ್ಟ್ ಐತ್ರಿ. ಇದರ ಮ್ಯಾಲ ಹಾಲ್ ಮುಚ್ಚಸ್ರಿ ಅಂತ ಹೆಂಗ್ ಹೇಳ್ಲಿ? ಸೆನ್ಸರ್ ಕೆಟ್ಟಿದ್ರ?"

"ಕೆಟ್ಟಿರ್ಬೋದು ಸರ್. ಆದ್ರೆ ಕೆಟ್ಟಿದೆ ಅಂತ ನಾವು ನೋಡಿಲ್ಲ. ಆ ತುದೀನ ಯಾರೂ ಕಣ್ಣಲ್ಲಿ ನೋಡಿಲ್ಲ."

ಅವರು ಕೋಟು ತೆಗೆದುಕೊಂಡರು. "ನಡೀರಿ, ನೋಡೇ ಬಿಡೂಣು."

ಹದಿನಾಲ್ಕು ಮೈಲಿ ದಾರಿ. ಹಾಲಿಗೆ ತಲುಪಿದಾಗ ಮೂರೂವರೆ. ಒಳಗೆ ಎಲ್ಲ ಮಾಮೂಲಾಗಿತ್ತು, ಬಿಳಿ ದೀಪ, ರಾಕೆಟ್ಟುಗಳ ಸದ್ದು. ಮ್ಯಾನೇಜರ್ ಬಲ್ಬು ಬದಲಿಸಲು ಇಟ್ಟುಕೊಂಡಿದ್ದ, ಆಳನ್ನು ಮೇಲಕ್ಕೆತ್ತುವ ಚಕ್ರದ ಲಿಫ್ಟನ್ನು ಕೊಟ್ಟ. ಮೂರನೆಯ ಕೋರ್ಟಿನ ಪಕ್ಕದ ಗೋಡೆಯ ಹತ್ತಿರ ಸರ್ ಮೇಲೆ ಹೋಗಿ, ಟ್ರಸ್ಸಿನ ತುದಿಯನ್ನು ಮುಚ್ಚಿದ್ದ ಸೀಲಿಂಗ್ ಹಲಗೆ ಸರಿಸಿ ಟಾರ್ಚು ಬಿಟ್ಟರು. ಆಮೇಲೆ ನನ್ನನ್ನೂ ಕರೆದರು.

ತುದಿಯನ್ನು ಆಸರೆಗೆ ಬೆಸೆದಿದ್ದ ವೆಲ್ಡು ಬಿರಿದಿತ್ತು. ಬಿರುಕಿನ ಒಂದು ಪಾಲು ಕಂದು ತುಕ್ಕು. ಉಳಿದದ್ದು ಹೊಸದಾಗಿ ಹರಿದ ಉಕ್ಕಿನ ಹೊಳಪು. ಟ್ರಸ್ಸು ತನ್ನ ಆಸರೆಯ ಮೇಲಿಂದ ಎರಡು ಬೆರಳಷ್ಟು ಜಾರಿತ್ತು. ಕೂರಲು ಉಳಿದಿದ್ದ ಜಾಗ ಅದಕ್ಕಿಂತ ಹೆಚ್ಚೇನಿರಲಿಲ್ಲ.

"ಕೆಳಗ್ ಇಳೀರಿ. ಸಾವಕಾಶ," ಎಂದರು ಸರ್, ಪಿಸುಮಾತಿನಲ್ಲಿ.

ಕೆಳಗೆ ಕೋಚಿಂಗಿನ ಮಕ್ಕಳು ಬರತೊಡಗಿದ್ದರು. ಮೂರನೆಯ ಕೋರ್ಟಿನ ಅಂಚಿನಲ್ಲಿ ಕೂತು ಅನಿಕಾ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ನಾನು ಓಡಿಹೋಗಿ ಅವಳ ತೋಳು ಹಿಡಿದೆ.

"ಆಂಟಿ, ವಾಟ್ ಆರ್ ಯೂ ಡೂಯಿಂಗ್ ಹಿಯರ್?"

"ಬ್ಯಾಗ್ ಬಿಡು. ಹೊರಗೆ ನಡಿ. ಅಮ್ಮ ಎಲ್ಲಿ?"

ಜಯಂತಿ ಆಂಟಿ ಬಾಗಿಲಲ್ಲಿದ್ದರು. ನನ್ನ ಮುಖ ನೋಡಿ ಅನಿಕಾಳನ್ನು ಹೊರಗೆ ಕಳಿಸಿದರು. ಇನ್ನೆರಡು ಮಕ್ಕಳ ಕೈ ಹಿಡಿದುಕೊಂಡು ಪಾರ್ಕಿಂಗ್ ಲಾಟಿಗೆ ನಡೆದರು. ಅತ್ತ ಪಾಟೀಲ ಸರ್ ಮಾಲೀಕರೊಂದಿಗೆ ಫೋನಿನಲ್ಲಿದ್ದರು. ಸೋಮವಾರ ರಿಪೇರಿ ಮಾಡಿಸಿದರಾಗದೇ, ವಾರಾಂತ್ಯಕ್ಕೆ ಟೂರ್ನಮೆಂಟ್ ಇದೆ ಎನ್ನುತ್ತಿದ್ದರಂತೆ ಅವರು. ಸರ್ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದು ನನಗೆ ಕೇಳಿಸಿತು: "ನನ್ನ ಎಂಜಿನಿಯರಿಂಗ್ ಲೈಸೆನ್ಸ್ ಪಣಕ್ಕಿಟ್ಟು ಹೇಳ್ತಿದೀನಿ. ಈ ಕಟ್ಟಡ ಈಗಲೇ ಖಾಲಿ ಆಗಬೇಕು." ಆಮೇಲೆ ಊರಿನ ಕಟ್ಟಡ ಇಲಾಖೆಗೂ ಫೋನ್ ಮಾಡಿದರು. ಐದು ಗಂಟೆಗೆ ಬಾಗಿಲಿಗೆ ಒಳಗೆ ಯಾರೂ ಹೋಗಬಾರದೆಂಬ ಕೆಂಪು ನೋಟಿಸು ಬಿತ್ತು. ಆಸರೆ ಕಂಬ ಕೊಡಲು ಒಪ್ಪಿದ ಕಂಟ್ರ್ಯಾಕ್ಟರನು ಶನಿವಾರ ಬಂದು, ಹಿಮ ನೋಡಿ, ಒಳಗೆ ಆಳು ಕಳಿಸಲಾರೆನೆಂದು ಹಿಂದಿರುಗಿದ.

ಶನಿವಾರ ಮಧ್ಯಾಹ್ನ ಮಳೆ ಶುರುವಾಯಿತು. ಬೇಸ್‌ಮೆಂಟಿನಲ್ಲಿ ಲ್ಯಾಪ್‌ಟಾಪ್ ಎದುರು ಕೂತಿದ್ದೆ. ಐದನೆಯ ಟ್ರಸ್ಸಿನ ಬಾಗು ಇಪ್ಪತ್ತಾರು ಮಿಲಿಮೀಟರ್. ಇಪ್ಪತ್ತೊಂಬತ್ತು. ಮೂವತ್ತೆಂಟು. ಮುಂದಿನ ಹತ್ತು ನಿಮಿಷಕ್ಕೆ ಐದನೆಯ ಸಾಲು ಖಾಲಿ ಬಂತು. ಆರನೆಯದೂ ಖಾಲಿ. ಎರಡು ಟ್ರಸ್ಸುಗಳು, ಅವುಗಳ ಮೇಲಿದ್ದ ಚಾವಣಿ, ಆ ಹಿಮವೆಲ್ಲ ಮೂರು ಮತ್ತು ನಾಲ್ಕನೆಯ ಕೋರ್ಟಿನ ಮೇಲೆ ಬಿದ್ದಿತ್ತು. ಒಳಗೆ ಯಾರೂ ಇರಲಿಲ್ಲ.

ಆಂಟಿ ಮೆಟ್ಟಿಲಿಳಿದು ಬಂದು ಸ್ಕ್ರೀನಿನ ಖಾಲಿ ಸಾಲುಗಳನ್ನು ನೋಡಿದರು. "ಬಿತ್ತಾ?" ಎಂದರು. ಹೂಂ ಎಂದೆ. ಪಕ್ಕದಲ್ಲಿ ಕೂತು ತುಂಬ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಅವರು ನನಗೆ ಕೃತಜ್ಞರಾಗಿದ್ದರು. ಡಿಸೆಂಬರಿನಿಂದ ಅನಿಕಾ ಎಷ್ಟು ಶುಕ್ರವಾರ ಅಲ್ಲಿ ಆಡಿದ್ದಳೆಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಥೀಸಿಸ್‌ಗೆ ಎರಡು ತಿಂಗಳು ಹೆಚ್ಚು ಹಿಡಿಯಿತು. ಚಂದದ ಗ್ರಾಫುಗಳನ್ನು ತೆಗೆಯಲಿಲ್ಲ. ಅವು ಹೇಗೆ ಸುಳ್ಳಾದವು ಎಂಬುದನ್ನೇ ಒಂದು ಅಧ್ಯಾಯ ಮಾಡಿ ಬರೆದೆ. ಎರಡೂ ವಿಶ್ವವಿದ್ಯಾಲಯಗಳು ಪಾಸು ಮಾಡಿದವು.

ಈಗ ಡೆಟ್ರಾಯಿಟ್ ಹತ್ತಿರ, ನಾರ್ತ್‌ವಿಲ್‌ನಲ್ಲಿ ಮನೆ ಮಾಡಿಕೊಂಡು ಅದೇ ವೃತ್ತಿಯಲ್ಲಿದ್ದೇನೆ. ಕಿರಿಯರು ಗೆರೆಯ ಮೇಲೆ ಗೆರೆ ಕೂತ ಗ್ರಾಫು ತಂದಾಗ, ಹೊಂದಿಸಲು ಏನೇನು ಬದಲಿಸಿದಿರಿ ಎಂದು ಮೊದಲು ಕೇಳುತ್ತೇನೆ. ಆ ಚಾವಣಿ ಬಿದ್ದದ್ದಕ್ಕಿಂತ ನನ್ನನ್ನು ಇಂದಿಗೂ ಹೆದರಿಸುವುದು ಬೇರೆ: ಅದು ಬೀಳಲು ಸಿದ್ಧವಾಗುತ್ತಿದ್ದ ಆ ಆರು ವಾರ ನಾನು ಬಹಳ ಸಂತೋಷದಲ್ಲಿದ್ದೆ. ಹಾಗಾಗಿ ಲೆಕ್ಕ ಎಂದಿಗಿಂತ ಚೆನ್ನಾಗಿ ಕೂಡಿಬಂದ ದಿನ ನಾನು ಹೆಲ್ಮೆಟ್ಟು ತೆಗೆದುಕೊಂಡು ಸೈಟಿಗೆ ಹೋಗುತ್ತೇನೆ.