ತಪ್ಪಿದ ಗುಂಡಿಗೊಂದು ಸುತ್ತು

ಫ್ರಿಜ್ಜಿನೊಳಗೆ ಬಿಟ್ಟರೆ ಬೇರೆಲ್ಲೂ ಹಿಮ ಕಾಣದ ನಾನು, ಟಿಳಕವಾಡಿಯ ನಿವೃತ್ತ ಮಾಸ್ತರ, ರಷ್ಯಾದ ಬಯಾಥ್ಲೀಟ್ ಒಬ್ಬಳ ಅಭಿಮಾನಿಯಾಗಿದ್ದೇನೆ. ನಗಬೇಡಿ. ಆಕೆ ಬೆನ್ನಿಗೆ ಬಂದೂಕು ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾ ಓಡುತ್ತಾಳೆ, ಏದುಸಿರು ಬಿಡುತ್ತಲೇ ನಿಂತು ಐದು ಗುರಿ ಹೊಡೆಯುತ್ತಾಳೆ. ಒಂದು ತಪ್ಪಿದರೆ ದಂಡವಾಗಿ ಒಂದು ಸುತ್ತು ಹೆಚ್ಚು ಓಡಬೇಕು. ಹೀಗೆ ಓಡಿ ಓಡಿ ಪದಕ ಗೆದ್ದವಳನ್ನು ಅವಳ ಊರಿನವರು ಸನ್ಮಾನಿಸಿದ ವಿಡಿಯೊ ಮೊನ್ನೆ ನೋಡಿದೆ. ಕರೆದರು, ಹೂ ಕೊಟ್ಟರು, ಆಕೆ ಎರಡು ಮಾತಾಡಿದಳು, ಮುಗಿಯಿತು. ನನಗೆ ಗಾಬರಿ! ಉಪಾಧ್ಯಕ್ಷರು ಎಲ್ಲಿ? ಅವರ ಭಾಷಣ ಎಲ್ಲಿ?

ನಮ್ಮಲ್ಲಿ ಸನ್ಮಾನವೆಂದರೆ ಸನ್ಮಾನ ಮಾಡುವವರಿಗೆ ಆಗುವ ಸನ್ಮಾನ. ಗೆದ್ದವರು ಬರೀ ನೆಪ.

ಹೋದ ಚಳಿಗಾಲ ಖಾನಾಪುರದಲ್ಲಿ ಇಂಥದೊಂದು ಸಭೆ ನಡೆಯಿತು. ಕಣಕುಂಬಿಯ ಫಾರೆಸ್ಟ್ ಗಾರ್ಡ್ ಕಸ್ತೂರಿ ಇಲಾಖೆಯ ಕ್ರೀಡಾಕೂಟದಲ್ಲಿ ಓಟಕ್ಕೂ ಬಂದೂಕಿನ ಗುರಿಗೂ ಮೊದಲಿಗಳಾಗಿದ್ದಳು. "ಹೆಣ್ಣಮಗಳಿಗೆ ಬಂದೂಕ ಯಾಕ" ಎಂದು ವರ್ಷಗಟ್ಟಲೆ ಗೊಣಗಿದ್ದ ಅವಳ ತಾಯಿ ಮೊದಲ ಸಲ ಜೊತೆಗೆ ಬಂದಿದ್ದಳು. ಆ ತಾಯಿಯ ಕಣ್ಣಿಗೆ ತಾನೊಮ್ಮೆ ವೇದಿಕೆಯ ಮೇಲೆ ಕಾಣಬೇಕು, ಕಸ್ತೂರಿಗೆ ಬೇಕಿದ್ದುದು ಅಷ್ಟೇ.

ನಿರೂಪಣೆ ನನ್ನದು. ಅಧ್ಯಕ್ಷರಿಗೆ ಶಾಲು, ಉಪಾಧ್ಯಕ್ಷರಿಗೆ ಶಾಲು, ಪೆಂಡಾಲಿನವನ ಮಾವನಿಗೂ ಶಾಲು. ಒಬ್ಬರು ಗೆದ್ದವಳ ಹೆಸರು ಮರೆತು "ಈ ತಂಗಿ" ಎಂದರು. ಇನ್ನೊಬ್ಬರು ತಮ್ಮ ಬಾಲ್ಯದ ಕಬಡ್ಡಿಯನ್ನು ಮೈಕಿನ ಮುಂದೆ ಪೂರ್ತಿ ಆಡಿ ಮುಗಿಸಿದರು. ಒಂದು ಗುಂಡೂ ಗುರಿಗೆ ತಾಗಲಿಲ್ಲ, ಯಾರನ್ನೂ ಯಾರೂ ಸುತ್ತು ಓಡಿಸಲಿಲ್ಲ. ನಾನೋ, ನಾಚಿಕೆ ಬಿಟ್ಟು ಎಲ್ಲರಿಗೂ "ಧೀಮಂತ", "ಮೇರು" ಎಂದು ಬಿರುದು ಹಂಚುತ್ತಿದ್ದೆ. ಕೊನೆಗೆ ಕಸ್ತೂರಿಯ ಹೆಸರು ಕೂಗಿದಾಗ ಕುರ್ಚಿ ಖಾಲಿ. ಕಣಕುಂಬಿಯ ಕೊನೆಯ ಬಸ್ಸಿಗೆ ತಾಯಿ ಮಗಳು ಎದ್ದು ಹೋಗಿದ್ದರು. ಶಾಲುಗಳೂ ಮುಗಿದಿದ್ದವು. ಅತಿಥಿಗಳು ಉಂಡೂ ಹೋದರು, ಕೊಂಡೂ ಹೋದರು.

ರಷ್ಯಾದವಳ ವಿಡಿಯೊ ನೋಡಿದ ಮೇಲೆ ಈ ಖಾಲಿ ಕುರ್ಚಿ ನನ್ನನ್ನು ಬಿಡಲಿಲ್ಲ. ಹೊಸ ಶಾಲು ಕೊಂಡು ಕಣಕುಂಬಿಯ ಬಸ್ಸು ಹತ್ತಿದೆ. ಮನೆಯಲ್ಲಿ ಚಹಾ ಕುಡಿಯುತ್ತಾ ದಂಡದ ಸುತ್ತಿನ ನಿಯಮ ವಿವರಿಸಿ, ಆ ಭಾಷಣಕಾರರನ್ನೆಲ್ಲ ಮನಸಾರೆ ಬೈದೆ.

ಕಸ್ತೂರಿ ನಕ್ಕಳು. "ಅವ್ರನ್ನ ಬಿಡ್ರಿ ಸರ. ಮೈಕ ನಿಮ್ಮ ಕೈಯಾಗ ಇತ್ತಲ್ರಿ?"

ಚಹಾದ ಲೋಟ ಕೆಳಗಿಟ್ಟೆ. ಶಾಲು ಚಾಚಿದರೆ ತಾಯಿ ತಡೆದಳು. "ಹಂಗ್ಯಾಕ ಕೊಡ್ತೀರಿ? ಅವತ್ತ ನಾ ಇರೂತನಕ ಕರೀಲಿಲ್ಲ. ಈಗ ಕರೀರಿ."

ಅಂಗಳಕ್ಕಿಳಿದು ನಿಂತೆ. ಮೈಕಿಲ್ಲ, ಬಿರುದಿಲ್ಲ. "ಕಸ್ತೂರಿ" ಎಂದು ಕೂಗಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಕಸ್ತೂರಿ ಸಮವಸ್ತ್ರದ ಟೊಪ್ಪಿಗೆ ಇಟ್ಟುಕೊಂಡು ಬಂದು ನಿಂತಳು. ಶಾಲು ಬಿಚ್ಚುತ್ತಿದ್ದ ನನ್ನ ಕೈಯಿಂದ ತಾಯಿ ಅದನ್ನು ಕಸಿದುಕೊಂಡು ತಾನೇ ಹೊದಿಸಿದಳು. ಹೊದಿಸಿ, ಮಗಳ ಹೆಗಲ ಮೇಲಿನ ಕೈ ಬಹಳ ಹೊತ್ತು ತೆಗೆಯಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು. ನಾನು ಗಂಟಲು ಸರಿ ಮಾಡಿಕೊಂಡೆ. "ಈ ಶುಭ ಸಂದರ್ಭದಲ್ಲಿ..."

"ಬಸ್ ಬರೂ ಹೊತ್ತಾತ್ರಿ ಸರ," ಎಂದಳು ತಾಯಿ.