ಮೂರನೇ ಬಾಟಲಿ

ಬೇಲೂರಿನ ಆ ಪಿಯು ಕಾಲೇಜಿಗೆ ಇಪ್ಪತ್ತೆಂಟು ವರ್ಷಗಳಲ್ಲಿ ಏಳು ಮಂದಿ ಪ್ರಿನ್ಸಿಪಾಲರು ಬಂದುಹೋದರು. ಜೀವಶಾಸ್ತ್ರದ ಲ್ಯಾಬಿನ ಕೀಲಿಗೊಂಚಲು ಮಾತ್ರ ಪುಷ್ಪಲತಾಳ ಸೊಂಟ ಬಿಟ್ಟು ಕದಲಲಿಲ್ಲ. ಕಾಗದದ ಮೇಲೆ ಅವಳ ಹುದ್ದೆ ಅಟೆಂಡರ್. ಆದರೆ ಆ ಕೋಣೆಯೊಳಗೆ ನಿಂತು ಅವಳನ್ನು ಅಟೆಂಡರ್ ಎಂದು ಕರೆಯುವ ಧೈರ್ಯ ಯಾವ ಲೆಕ್ಚರರಿಗೂ ಬಂದದ್ದಿಲ್ಲ. ಎಲ್ಲರಿಗೂ ಅವಳು ಪುಷ್ಪಕ್ಕ.

ಓದಿದ್ದು ಹಾರನಹಳ್ಳಿಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಮದುವೆಯಾಗಿ ಹಳೇಬೀಡಿಗೆ ಬಂದಳು, ಅಲ್ಲಿಂದ ದಿನಾ ಬಸ್ಸಿನಲ್ಲಿ ಬೇಲೂರಿಗೆ. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಲ್ಯಾಬಿಗೆ ಕಾಲಿಟ್ಟಾಗ ಲೆಕ್ಚರರ್ ಬರುವುದು ಹತ್ತು ನಿಮಿಷ ತಡವಾದರೆ ಸಾಕು, ಪುಷ್ಪಕ್ಕನ ಪಾಠ ಶುರುವಾಗಿಬಿಡುತ್ತಿತ್ತು.

“ಬೆಳಿಗ್ಗೆ ಏನ್ ತಿಂದ್ರಿ? ರಾಗಿರೊಟ್ಟೀನಾ? ಅದು ಪಿಷ್ಟ. ಅದನ್ನೇ ಬಾಯಲ್ಲಿ ಅಗೀತಾ ಇರಿ, ಸಿಹಿ ಆಗ್ತದೆ, ಅದು ಸಕ್ಕರೆ. ಬೇಳೆ ಸಾರಲ್ಲಿ ಪ್ರೋಟೀನು ಐತೆ, ಕೊಬ್ಬರೀಲಿ ಕೊಬ್ಬು ಐತೆ. ತೆಂಗಿನಮರಾನೂ ನೀವೂ ಇದೇ ಸಾಮಾನಿಂದ ಆಗಿರೋದು ಕಣ್ರೋ, ಅಳತೆ ಬೇರೆ ಅಷ್ಟೆ. ಯಾವುದು ಎಲ್ಲಿ ಎಷ್ಟು ಅಂತ ಒಳಗೇ ಬರೆದಿಟ್ಟಿರೋ ಚೀಟಿ ಒಂದೈತೆ, ಡಿಎನ್‌ಎ ಅಂತ. ಅದು ನನ್ನ ಬಾಟ್ಲಿಗೆ ಬರಲ್ಲ. ಅದನ್ನ ಮೇಡಂ ಹೇಳ್ತಾರೆ.”

ಕೊನೆಗೆ ಒಂದು ಎಚ್ಚರಿಕೆ ಇದ್ದೇ ಇರುತ್ತಿತ್ತು. “ಬಾಟ್ಲೀಲಿ ಏನೈತೆ ಅಂತ ಮೂಸಿ ಬರೀಬ್ಯಾಡಿ. ನಾಲ್ಕೂ ಪರೀಕ್ಷೆ ಮಾಡಿ, ಟ್ಯೂಬು ತೋರಿಸಿದ್ದನ್ನ ಬರೀರಿ.”

ಈ ಮಾತು ಅವಳಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ, ಅಪ್ಪ ರೇವಣಸಿದ್ದಪ್ಪನಿಂದ ಬಂದದ್ದು. ಹಾರನಹಳ್ಳಿಯ ಅವರ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎನ್ನುತ್ತದೆ. ಹುಡುಗಿ ಪುಷ್ಪಲತಾ ಒಮ್ಮೆ ಸಿಪ್ಪೆಯ ಬಣ್ಣ ನೋಡಿಯೇ “ಇದು ಆಗೈತೆ ಅಪ್ಪಾಜಿ” ಎಂದು ಕಾಯೊಂದನ್ನು ಒಡೆಸಿ, ಒಳಗೆ ಅರೆಬರೆ ಒಣಗಿದ ತಿರುಳು ಕಂಡು ಬೈಸಿಕೊಂಡಿದ್ದಳು. “ನೋಡಿ ಹೇಳಬ್ಯಾಡ ಮಗಾ, ಕಿವಿಗೆ ಹಿಡಿದು ಅಲ್ಲಾಡ್ಸಿ ಹೇಳು” ಎಂದಿದ್ದ ಅಪ್ಪ. ಆಮೇಲೆ ಅವಳು ಒಂದು ಕಾಯನ್ನೂ ಅಲ್ಲಾಡಿಸದೆ ಕೆಳಗಿಳಿಸಲಿಲ್ಲ.

ಹೀಗೆ ಬೆಳೆದವಳ ಕೈಯಲ್ಲಿ ತಯಾರಾದ ಬಾಟಲಿಗಳು ತಪ್ಪುವುದುಂಟೇ? ಪ್ರತಿ ವರ್ಷ ಪ್ರಾಯೋಗಿಕ ಪರೀಕ್ಷೆಗೆ ನಾಲ್ಕು ಬಾಟಲಿ. ಅನ್ನ ಬಸಿದ ಗಂಜಿ, ದ್ರಾಕ್ಷಿ ರಸ, ನೀರಲ್ಲಿ ಕದಡಿದ ಮೊಟ್ಟೆಯ ಬಿಳಿ, ಕೊಬ್ಬರಿ ಎಣ್ಣೆ. ಮೇಲೆ ಬರೀ ಅಂಕಿ. ಯಾವ ಅಂಕಿಯಲ್ಲಿ ಏನಿದೆ ಎಂಬ ಚೀಟಿ ನೇರವಾಗಿ ಪರೀಕ್ಷಕರ ಕೈಗೆ. ಗಂಜಿ ಅವಳ ಮನೆಯದೇ. “ಅನ್ನ ಬಸಿಯೋದು ನಮಗೋ, ನಿನ್ನ ಕಾಲೇಜಿಗೋ?” ಎಂದು ಗಂಡ ಬಸವಕುಮಾರ್ ರೇಗಿಸುತ್ತಿದ್ದ. “ಕಾಲೇಜಿಗೆ ಗಂಜಿ, ನಿಮಗೆ ಅನ್ನ. ಇನ್ನೇನ್ ಬೇಕು?” ಎನ್ನುತ್ತಿದ್ದಳು ಅವಳು.

ಮೊಟ್ಟೆ ಮಾತ್ರ ಅವಳ ಪಾಲಿನದಾಗಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವಳು, ಮೊಟ್ಟೆ ಅವರ ಹೊಸಿಲು ದಾಟಿದ್ದಿಲ್ಲ. ತಿನ್ನುವವರ ಮೇಲೆ ಅವಳಿಗೆ ಯಾವ ಮುನಿಸೂ ಇಲ್ಲ, ತನ್ನ ಕೈಯಾರೆ ಒಡೆಯಲಾರಳು ಅಷ್ಟೆ. ಕಾಲೇಜಿನ ಜವಾನ ರವಿಕುಮಾರ್ ಇದನ್ನು ಯಾರೂ ಹೇಳದೆ ಅರ್ಥ ಮಾಡಿಕೊಂಡಿದ್ದ. ಪರೀಕ್ಷೆಯ ದಿನ ಬೆಳಿಗ್ಗೆ ತಾನೇ ಮೊಟ್ಟೆ ತಂದು, ಒಡೆದು, ಬಿಳಿ ಬೇರೆ ಮಾಡಿ ಬಾಟಲಿಗೆ ತುಂಬಿಕೊಟ್ಟು ಹೋಗುತ್ತಿದ್ದ. ಆ ರವಿಕುಮಾರ್ ಕಳೆದ ಅಕ್ಟೋಬರಿನಲ್ಲಿ ನಿವೃತ್ತನಾಗಿ ಬಾಣಾವರಕ್ಕೆ ಹೋಗಿ ನೆಲೆಸಿದ.

ಫೆಬ್ರವರಿಯಲ್ಲಿ ಪರೀಕ್ಷೆ ಬಂತು. ಹಿಂದಿನ ದಿನ ಜೀವಶಾಸ್ತ್ರದ ಲೆಕ್ಚರರ್ ಮಧುಶ್ರೀ ಮೇಡಂ, “ಮೊಟ್ಟೆಗೆ ಏನ್ ಮಾಡಿದ್ರಿ ಪುಷ್ಪಕ್ಕ?” ಎಂದು ಕೇಳಿದರು. ನನ್ನ ಕೈಲಾಗಲ್ಲ ಮೇಡಂ ಎಂದು ಒಂದು ಮಾತು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಆ ಮೇಡಂ ನಗುತ್ತಾ ತಾವೇ ಒಡೆದುಕೊಡುವಂಥವರು. ಆದರೆ ಇಪ್ಪತ್ತೆಂಟು ವರ್ಷ ‘ಕೈಲಾಗಲ್ಲ’ ಎಂಬ ಮಾತನ್ನೇ ಆಡದ ಬಾಯಿ ಅದು. “ಅದನ್ನ ನಂಗೆ ಬಿಡಿ ಮೇಡಂ” ಎಂದುಬಿಟ್ಟಳು.

ಬಸ್ಸಿನಲ್ಲಿ ಕೂತು ಯೋಚಿಸಿದಳು. ಪ್ರೋಟೀನು ಮೊಟ್ಟೆಯಲ್ಲೇ ಇರಬೇಕು ಎಂದು ಎಲ್ಲಿ ಬರೆದಿದೆ? ಹಾಲಿನಲ್ಲಿಲ್ಲವೇ? ಪರೀಕ್ಷೆಯ ದಿನ ಪಕ್ಕದ ಮನೆಯ ಹಸುವಿನ ಹಾಲು ಕಾಯಿಸಿ, ಆರಿಸಿ, ಕೆನೆಯನ್ನೆಲ್ಲ ತೆಗೆದು ಒಂದು ಲೋಟದಷ್ಟನ್ನು ಬಾಟಲಿಗೆ ಹಾಕಿಕೊಂಡು ಹೊರಟಳು. ಲ್ಯಾಬಿನಲ್ಲಿ ಸ್ವಲ್ಪ ಹಾಲಿಗೆ ಐದು ಪಾಲು ನೀರು ಬೆರೆಸಿ ಮಸುಕು ಮಾಡಿದಳು. ಒಂದು ಟ್ಯೂಬಿಗೆ ಸುರಿದು, ಕಾಸ್ಟಿಕ್ ಸೋಡಾದ ದ್ರಾವಣ ಹಾಕಿ, ಮೈಲುತುತ್ತದ ನೀರು ಎರಡು ಹನಿ ಬಿಟ್ಟಳು. ತಿಳಿ ನೇರಳೆ ಬಣ್ಣ ಎದ್ದಿತು. ಪ್ರೋಟೀನು ಇದೆಯೆಂಬ ಗುರುತು ಅದೇ. ಶಿವನೇ ಕೈಹಿಡಿದ ಎಂದುಕೊಂಡು ಬಾಟಲಿಗೆ ಮೂರು ಎಂಬ ಅಂಕಿ ಅಂಟಿಸಿದಳು. ಉಳಿದ ಮೂರು ಪರೀಕ್ಷೆ ಮಾಡಲಿಲ್ಲ. ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮಾತನ್ನು ಆ ಬೆಳಿಗ್ಗೆ ತಾನೇ ಮರೆತಳು.

ಪರೀಕ್ಷಕರಾಗಿ ಬಂದವರು ಅರಸೀಕೆರೆಯ ನಂಜುಂಡಯ್ಯ. ಬಿಗಿ ಮನುಷ್ಯ, ಆದರೆ ಅನ್ಯಾಯದವರಲ್ಲ. ಪುಷ್ಪಕ್ಕ ಕೊಟ್ಟ ಚೀಟಿಯನ್ನು ಬಿಚ್ಚಿ ಕನ್ನಡಕದ ಕೆಳಗಿನಿಂದ ಓದಿ ಜೇಬಿಗೆ ಹಾಕಿಕೊಂಡರು. ಮೂರು, ಪ್ರೋಟೀನು.

ಮೂರನೇ ಬಾಟಲಿ ಆರು ಮಕ್ಕಳ ಪಾಲಿಗೆ ಬಂದಿತ್ತು. ಐದು ಮಂದಿ ನೇರಳೆ ಕಂಡ ಕೂಡಲೇ ಪೆನ್ನು ಹಿಡಿದು, ‘ಪ್ರೋಟೀನು ಮಾತ್ರ ಇದೆ’ ಎಂದು ಬರೆದು ನಿರಾಳವಾದರು. ಆರನೆಯವಳು ಹೇಮಾಶ್ರೀ, ಹಳೇಬೀಡಿನ ಆಚೆಯ ಹಳ್ಳಿಯ ರೈತರ ಮಗಳು. ಮಾತು ಕಡಿಮೆ, ಕೆಲಸ ನಿಧಾನ. ಎಲ್ಲರೂ ಮುಗಿಸಿ ಕೂತಾಗಲೂ ಅವಳು ಇನ್ನೂ ಟ್ಯೂಬು ಕಾಯಿಸುತ್ತಲೇ ಇದ್ದಳು. ನಂಜುಂಡಯ್ಯ ಅವಳ ಉತ್ತರ ನೋಡಿ ಹುಬ್ಬೇರಿಸಿದರು.

“ಏನಮ್ಮ ಇದು? ಪ್ರೋಟೀನು ಇದೆ ಅಂತ ಬರೆದಿದ್ದೀಯ, ಸರಿ. ಸಕ್ಕರೆಯೂ ಇದೆ ಅಂತ ಯಾಕೆ ಬರೆದೆ?”

“ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸ್ದೆ ಸಾರ್. ನೀಲಿ ಹೋಗಿ ಕಿತ್ತಳೆ ಬಂತು.”

“ಟ್ಯೂಬು ತೊಳೆದಿರೋದಿಲ್ಲ. ಹಿಂದಿನವರ ದ್ರಾಕ್ಷಿ ರಸ ಅಂಟಿಕೊಂಡಿದೆ.”

“ತೊಳ್ದಿದ್ದೆ ಸಾರ್. ಎರಡು ಸಲ ಮಾಡ್ದೆ. ಎರಡು ಸಲಾನೂ ಅದೇ ಬಂತು.”

ನಂಜುಂಡಯ್ಯ ಜೇಬಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. “ನೋಡಮ್ಮ, ಈ ಲ್ಯಾಬಿಗೆ ನಾನು ಒಂಬತ್ತು ಸಲ ಬಂದಿದ್ದೀನಿ. ಪುಷ್ಪಕ್ಕನ ಬಾಟಲಿ ಒಂದು ಸಲವೂ ತಪ್ಪಿದ್ದನ್ನ ನಾನು ಕಂಡಿಲ್ಲ. ಈಗ ಹೇಳು, ತಪ್ಪು ಬಾಟಲೀದೋ, ನಿಂದೋ?”

ಪುಷ್ಪಕ್ಕ ಅಲ್ಲೇ ತೊಟ್ಟಿಯ ಬಳಿ ಟ್ಯೂಬು ತೊಳೆಯುತ್ತಿದ್ದಳು. ಬೇರೆ ದಿನವಾಗಿದ್ದರೆ ಆ ಮಾತು ಕೇಳಿ ಎರಡು ದಿನ ಊಟ ಬೇಡವಾಗುವಷ್ಟು ಹಿಗ್ಗುತ್ತಿದ್ದಳು. ಈಗ ತೊಳೆಯುತ್ತಿದ್ದ ಟ್ಯೂಬನ್ನು ಕೆಳಗಿಟ್ಟಳು. ಹಾಲು! ಹಾಲಿಗೆ ತನ್ನದೇ ಸಕ್ಕರೆ ಇರುತ್ತದೆ. ಎಷ್ಟು ಸಲ ಮಧುಶ್ರೀ ಮೇಡಂ ಪಾಠ ಮಾಡುವಾಗ ಬಾಗಿಲಲ್ಲಿ ನಿಂತು ಕೇಳಿಲ್ಲ? ಕೆನೆ ತೆಗೆದು ಕೊಬ್ಬನ್ನು ಕಳೆದವಳು ಸಕ್ಕರೆಯನ್ನು ಹಾಗೇ ಬಿಟ್ಟಿದ್ದಳು. ಅವಳಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಬಾಟಲಿಯನ್ನು ತೊಟ್ಟಿಗೆ ಸುರಿದರೆ ಮುಗಿಯಿತು, ಹೆಸರು ಇದ್ದ ಹಾಗೇ ಉಳಿಯುತ್ತಿತ್ತು. ಹುಡುಗಿ ತಲೆ ತಗ್ಗಿಸಿ, “ತಪ್ಪು ನಂದೇ ಇರ್ಬೇಕು ಸಾರ್” ಎಂದು, ‘ಸಕ್ಕರೆಯೂ ಇದೆ’ ಎಂದು ಬರೆದ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿಕೊಂಡಿದ್ದಳು.

“ಹೊಡೀಬ್ಯಾಡ ಕಣೇ!”

ಇಡೀ ಲ್ಯಾಬು ತಿರುಗಿ ನೋಡಿತು. ಪುಷ್ಪಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಮೇಜಿನ ಹತ್ತಿರ ಬಂದಳು.

“ಸಾರ್, ಆ ಹುಡುಗಿ ಬರೆದಿರೋದು ಸರಿ. ನನ್ನ ಚೀಟಿ ತಪ್ಪು. ಬಾಟ್ಲೀಲಿ ಮೊಟ್ಟೆ ಇಲ್ಲ, ಹಾಲೈತೆ.”

“ಹಾಲಾ? ಮೊಟ್ಟೆ ಯಾಕೆ ತರಲಿಲ್ಲ?”

“ನನಗೆ ಒಡೆಯೋಕಾಗಲ್ಲ ಸಾರ್. ಅದನ್ನ ಹೇಳೋಕೆ ನಾಚ್ಕೆ ಆಯ್ತು. ಅಷ್ಟೇ ನೋಡಿ.” ಮಧುಶ್ರೀ ಮೇಡಂ ಕಡೆಗೊಮ್ಮೆ ನೋಡಿ, “ನಿಮ್ಮನ್ನೂ ಕೇಳಲಿಲ್ಲ. ತಪ್ಪಾಯ್ತು ಮೇಡಂ” ಎಂದಳು.

ನಂಜುಂಡಯ್ಯ ಕನ್ನಡಕ ತೆಗೆದರು. “ಬಾಯಿಮಾತಿಗೆ ನಾನು ಅಂಕ ಕೊಡೋಕಾಗಲ್ಲ ಪುಷ್ಪಕ್ಕ. ಹುಡುಗಿ ಮೇಲಿನ ಕನಿಕರಕ್ಕೆ ಹೇಳ್ತಿದ್ದೀರಿ ಅಂತ ಯಾರಾದರೂ ಅಂದರೆ?”

“ಬಾಯಿಮಾತು ಬ್ಯಾಡ. ಇಪ್ಪತ್ತು ನಿಮಿಷ ಕೊಡಿ ಸಾರ್, ತೋರಿಸ್ತೀನಿ.”

ಮೂರನೇ ಬಾಟಲಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದನ್ನು ಬೀಕರಿಗೆ ಸುರಿದು ದೀಪದ ಮೇಲಿಟ್ಟಳು. ಹಾಲು ಒಡೆಸಲು ಕೈ ಅಭ್ಯಾಸಬಲದಿಂದ ಊಟದ ಡಬ್ಬಿಯಲ್ಲಿದ್ದ ನಿಂಬೆಹೋಳಿನ ಕಡೆಗೆ ಹೋಯಿತು. ಅರ್ಧಕ್ಕೇ ನಿಂತಿತು. ನಿಂಬೆಯಲ್ಲೂ ಸಕ್ಕರೆ ಇದ್ದೀತು, ಒಂದೇ ದಿನ ಎರಡು ಸಲ ಎಡವುವುದು ಬೇಡ. ಕಪಾಟಿನಿಂದ ಅಸಿಟಿಕ್ ಆಮ್ಲ ತಂದು ನಾಲ್ಕು ಹನಿ ಬಿಟ್ಟಳು. ಹಾಲು ಒಡೆಯಿತು. ಬಟ್ಟೆಯಲ್ಲಿ ಸೋಸಿ, ತಿಳಿನೀರನ್ನು ಒಂದು ಕಡೆ ಇಟ್ಟು, ಗಟ್ಟಿಯನ್ನು ನಲ್ಲಿಯ ಕೆಳಗೆ ಹಿಡಿದು ಐದು ಸಲ ತೊಳೆದು ಹಿಂಡಿದಳು. ಆ ಕೈಗಳಿಗೆ ಯಾವ ಅವಸರವೂ ಇರಲಿಲ್ಲ. ಮಕ್ಕಳು ಬೆಂಚು ಬಿಟ್ಟು ಸುತ್ತ ನೆರೆದಿದ್ದರು, ಬೈಯಬೇಕಾದ ನಂಜುಂಡಯ್ಯನವರೂ ಅವರ ನಡುವೆಯೇ ನಿಂತಿದ್ದರು.

ತೊಳೆದ ಗಟ್ಟಿಯ ಚೂರಿಗೆ ಕಾಸ್ಟಿಕ್ ಸೋಡಾ ಹಾಕಿ ಮೈಲುತುತ್ತದ ಹನಿ ಬಿಟ್ಟಾಗ ಗಾಢ ನೇರಳೆ ಎದ್ದಿತು. ಅದೇ ಗಟ್ಟಿಗೆ ಬೆನೆಡಿಕ್ಟ್ ಹಾಕಿ ಎಷ್ಟು ಕಾಯಿಸಿದರೂ ಕಿತ್ತಳೆ ಬರಲಿಲ್ಲ. ತಿಳಿನೀರಿಗೆ ಬೆನೆಡಿಕ್ಟ್ ಹಾಕಿ ಕಾಯಿಸಿದಳು. ನೀಲಿ ಹಸಿರಾಯಿತು, ಹಳದಿಯಾಯಿತು, ಎಲ್ಲರೂ ನೋಡುತ್ತಿದ್ದಂತೆ ಕಿತ್ತಳೆಗೆ ತಿರುಗಿತು.

“ಗಟ್ಟೀಲಿರೋದು ಪ್ರೋಟೀನು. ಸಕ್ಕರೆ ನೀರಿನ ಜೊತೆ ಹೊರಟೋಯ್ತು. ನನ್ನ ಬಾಟ್ಲೀಲಿ ಎರಡೂ ಒಟ್ಟಿಗಿದ್ವು. ಇವಳು ಎರಡನ್ನೂ ಕಂಡು ಬರೆದವಳೆ,” ಎಂದಳು ಪುಷ್ಪಕ್ಕ. “ತಪ್ಪು ನಂದು ಅಂತ ಬರ್ಕೊಳ್ಳಿ ಸಾರ್. ಹುಡುಗೀದು ಸರಿ ಅಂತಾನೂ ಬರ್ಕೊಳ್ಳಿ.”

ನಂಜುಂಡಯ್ಯ ಎರಡನ್ನೂ ಬರೆದುಕೊಂಡರು. ಹೇಮಾಶ್ರೀಗೆ ಪೂರ್ತಿ ಅಂಕ ಕೊಟ್ಟು, ಉಳಿದ ಐವರಿಗೆ ಹೊಸ ಬಾಟಲಿ ಕೊಡಿಸಿ, ಈ ಸಲ ನಾಲ್ಕೂ ಪರೀಕ್ಷೆ ಮಾಡಿ ಎಂದು ಕೂರಿಸಿದರು. ಆ ಬಾಟಲಿಗೆ ಮೊಟ್ಟೆ ಒಡೆದವರು ಮಧುಶ್ರೀ ಮೇಡಂ. “ಇನ್ನು ಪ್ರತಿ ವರ್ಷ ಇದು ನನ್ನ ಕೆಲಸ” ಎಂದರು, ಕೈ ತೊಳೆಯುತ್ತಾ. ಹೊರಡುವಾಗ ನಂಜುಂಡಯ್ಯ, “ಮುಂದಿನ ಸಲ ಐದನೇ ಬಾಟಲಿ ಒಂದು ಇಡಿ, ಹಾಲಿಂದು. ಬುದ್ಧಿ ಇರೋರನ್ನ ಹುಡುಕೋಕೆ ಒಳ್ಳೇದು” ಎಂದು ಹೇಳಿ ಅರಸೀಕೆರೆ ಬಸ್ಸಿಗೆ ನಡೆದರು.

ಮಕ್ಕಳೆಲ್ಲ ಹೋದರೂ ಹೇಮಾಶ್ರೀ ಹೋಗಲಿಲ್ಲ. ತೊಟ್ಟಿಯ ಬಳಿ ಬಂದು ತಾನೂ ಟ್ಯೂಬು ತೊಳೆಯತೊಡಗಿದಳು.

“ಹಾಲು ಅಂತ ನಿಂಗೆ ಗೊತ್ತಾಗಿರ್ಲಿಲ್ವೇನೇ?” ಎಂದು ಕೇಳಿದಳು ಪುಷ್ಪಕ್ಕ.

“ವಾಸ್ನೆ ಬಂತು ಪುಷ್ಪಕ್ಕ. ನಮ್ಮನೇಲಿ ಮೂರು ಹಸ ಅವೆ. ಆದ್ರೆ ಮೂಸಿ ಬರೀಬ್ಯಾಡಿ ಅಂದಿದ್ರಲ್ಲ ನೀವು, ಅದ್ಕೇ ನಾಲ್ಕೂ ಮಾಡ್ದೆ.”

“ಅಷ್ಟು ಗಟ್ಟಿಯಾಗಿ ಗೊತ್ತಿತ್ತು. ಮತ್ತೆ ಯಾಕೆ ಹೊಡೆದುಹಾಕೋಕೆ ಹೋದೆ?”

ಹುಡುಗಿ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತಾ ಹೇಳಿದಳು, “ಬಾಟ್ಲಿ ನಿಮ್ದಲ್ವಾ.”

ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ದೊಡ್ಡ ಹೊಗಳಿಕೆಯನ್ನೂ ಪುಷ್ಪಕ್ಕ ಕೇಳಿರಲಿಲ್ಲ, ಅಷ್ಟು ನಾಟುವ ಬೈಗುಳವನ್ನೂ ಕೇಳಿರಲಿಲ್ಲ. ಹುಡುಗಿಯ ಕೈಯಿಂದ ಟ್ಯೂಬು ಇಸಿದುಕೊಂಡು ಸ್ಟ್ಯಾಂಡಿಗೆ ಬೋರಲು ಹಾಕಿದಳು.

“ಇನ್ಮೇಲೆ ನನ್ನ ಬಾಟ್ಲಿ ಆದ್ರೂ ಅಲ್ಲಾಡ್ಸಿ ನೋಡು ಮಗಾ,” ಎಂದಳು. “ನನ್ನದು ಅಂತಾನೇ ಇನ್ನೊಂದು ಸಲ ಅಲ್ಲಾಡ್ಸಿ ನೋಡು.”

ಲ್ಯಾಬಿಗೆ ಬೀಗ ಹಾಕಿ, ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಬ್ಬರೂ ಹಳೇಬೀಡಿನ ಬಸ್ಸಿಗೆ ಹೊರಟರು.