ಮೇನ್ ತೆಗಿ

ರಾಮಕೃಷ್ಣಪ್ಪ ಚಂದ್ರನ ಕಡೆಗೆ ಏಳು ಸಲ ಹೊರಟು ಏಳು ಸಲವೂ ದಾರಿಯಲ್ಲೇ ಸತ್ತಿದ್ದ. ಮನೆಯ ಮೆಟ್ಟಿಲಿಳಿದು ಕೆಳಗಿನ ಟೀ ಅಂಗಡಿಗೆ ಮಾತ್ರ ಹದಿನಾಲ್ಕು ತಿಂಗಳಿಂದ ಒಂದು ಸಲವೂ ಹೋಗಿರಲಿಲ್ಲ.

ಆರ್.ಟಿ. ನಗರದ ಆ ಕಟ್ಟಡಕ್ಕೆ ಲಿಫ್ಟಿಲ್ಲ. ಮೂರನೇ ಮಹಡಿ, ನಲವತ್ತೆರಡು ಮೆಟ್ಟಿಲು. ಮೂವತ್ತು ವರ್ಷ ಮನೆಮನೆಗೆ ವೈರಿಂಗ್ ಮಾಡಿದ ಮನುಷ್ಯ ಸೊಂಟಕ್ಕೆ ಪ್ಲೇಟು ಹಾಕಿಸಿಕೊಂಡು ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡಿದ್ದ. ಯಾರಾದರೂ ಗಟ್ಟಿಯಾಗಿ ಹಿಡಿದುಕೊಂಡರೆ ಇಳಿಯಬಹುದು ಅಂತ ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು. ಹಿಡಿದುಕೊಳ್ಳುವವರು ಯಾರು? ಹೆಂಡತಿ ರಾಧಾಮಣಿಯ ಕೈಲಿ ಅವನ ಭಾರ ತಡೆಯಲಾಗದು. ಮಗಳು ಯಶೋಧಾ ಮದುವೆಯಾಗಿ ತುಮಕೂರು ಸೇರಿದ್ದಳು. ನಂಬಿ ಮೈಭಾರ ಬಿಡಬಹುದಾದವನು ಒಬ್ಬನೇ, ಪ್ಲಂಬರ್ ಅಕ್ಬರ್ ಪಾಷಾ. ಅವನ ಮುಖ ನೋಡುವುದಿಲ್ಲ ಅಂತ ಈ ಮಹಾಶಯ ಹಟ ಹಿಡಿದು ಕೂತಿದ್ದ.

ಇಬ್ಬರೂ ಹದಿನೆಂಟು ವರ್ಷ ಜೊತೆಯಲ್ಲಿ ದುಡಿದವರು. ವಿದ್ಯಾರಣ್ಯಪುರದಲ್ಲಿ ಒಂದು ಹೊಸ ಮನೆಯ ಕೆಲಸ. ಏಣಿಯ ಮೇಲಿದ್ದ ರಾಮಕೃಷ್ಣಪ್ಪ "ಪಾಷಾ, ಮೇನ್ ತೆಗಿ!" ಎಂದು ಕೂಗಿದ. ಕರೆಂಟಿನವರ ಬಾಯಲ್ಲಿ ಮೇನ್ ಅಂದರೆ ಮೇನ್ ಸ್ವಿಚ್ಚು, ತೆಗಿ ಅಂದರೆ ನಿಲ್ಲಿಸು. 'ಕರೆಂಟ್ ತೆಗೆದುಬಿಟ್ಟರು' ಅನ್ನುವುದಿಲ್ಲವೇ, ಹಾಗೆ. ಕೆಳಗಿನಿಂದ "ತೆಗ್ದೆ ರಾಮಣ್ಣ!" ಅಂತ ಉತ್ತರ ಬಂತು. ರಾಮಕೃಷ್ಣಪ್ಪ ವೈರಿಗೆ ಕೈ ಹಾಕಿದ. ಕರೆಂಟ್ ಇದ್ದಲ್ಲೇ ಇತ್ತು. ಏಣಿಯಿಂದ ಬಿದ್ದವನಿಗೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ.

"ನೀರಿನ ಮೇನ್ ಅಂದ್ಕೊಂಡೆ ರಾಮಣ್ಣ. ವಾಲ್ವ್ ತೆಗ್ದೆ, ನೀರ್ ಬಿಟ್ಟೆ. ಅಲ್ಲಾನ ಆಣೆ," ಅಂದ ಪಾಷಾ.

"ಕೂತಲ್ಲಿಂದ ಏಳಕ್ಕಾಗ್ದೆ ತೆಗ್ದೆ ಅಂತ ಸುಳ್ ಹೇಳಿದೆ. ಈಗ ಕತೆ ಕಟ್ತೀಯಾ?" ಅಂದ ರಾಮಕೃಷ್ಣಪ್ಪ. ಸೊಂಟ ಮುರಿದದ್ದಕ್ಕಿಂತ ಅವನಿಗೆ ನೋವಾದದ್ದು ಆ ಸುಳ್ಳಿಗೆ.

ಅಂದಿನಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ ಪಾಷಾ ಬಂದು ಬಾಗಿಲು ತಟ್ಟುತ್ತಿದ್ದ. ರಾಮಕೃಷ್ಣಪ್ಪ ಬೇಡವೆಂದು ಕೈಯಾಡಿಸುತ್ತಿದ್ದ. ರಾಧಾಮಣಿ ಬಾಗಿಲ ಸಂದಿಯಲ್ಲಿ ನಿಂತು "ಮಲಗಿದಾರೆ ಅಣ್ಣ" ಅನ್ನುತ್ತಿದ್ದಳು. ಕಳೆದ ಶುಕ್ರವಾರ ಪಾಷಾ ಒಳಗಿನವನಿಗೆ ಕೇಳುವ ಹಾಗೆ ಹೇಳಿಹೋಗಿದ್ದ: "ಇನ್ನೊಂದ್ ವಾರ ಬರ್ತೀನಿ ತಂಗಿ. ಆಗ್ಲೂ ಮಲಗಿದ್ರೆ ಆಮೇಲೆ ತೊಂದ್ರೆ ಕೊಡಲ್ಲ."

ಇನ್ನು ಚಂದ್ರಯಾತ್ರೆಯ ಸಂಗತಿ. ಯಶೋಧಾ ಬಿಟ್ಟುಹೋದ ಹಳೇ ಕಂಪ್ಯೂಟರಿನಲ್ಲಿ ನೌಕೆ ನಡೆಸುವ ಒಂದು ಸಿಮ್ಯುಲೇಟರ್ ಆಟ ಇತ್ತು. ಐವತ್ತು ವರ್ಷಕ್ಕೂ ಹಿಂದೆ ಮೂರು ಜನರನ್ನು ಚಂದ್ರನವರೆಗೆ ಹೊತ್ತೊಯ್ದ ಅಪೋಲೋ ನೌಕೆಯ ಒಳಗನ್ನು ಅದು ಸ್ವಿಚ್ಚು ಸ್ವಿಚ್ಚಾಗಿ ತೋರಿಸುತ್ತಿತ್ತು. "ದಿನವಿಡೀ ಅಪೋಲೋದಲ್ಲೇ ಇರ್ತಾರೆ," ಅಂತ ರಾಧಾಮಣಿ ಅಂದದ್ದಕ್ಕೆ ಪಕ್ಕದ ಮನೆಯಾಕೆ "ಅಯ್ಯೋ, ಯಾವ ವಾರ್ಡು?" ಅಂತ ಕೇಳಿದ್ದಳಂತೆ.

ಐನೂರು ಚಿಲ್ಲರೆ ಸ್ವಿಚ್ಚುಗಳನ್ನು ಕಂಡು ವೈರಿಂಗ್‌ನವನ ಜೀವ ಅರಳಿತ್ತು. ಆದರೆ ನಮ್ಮಲ್ಲಿ ಕೆಳಗೆ ಒತ್ತಿದರೆ ಹತ್ತುವ ಸ್ವಿಚ್ಚು ಅಮೆರಿಕದವರಿಗೆ ಮೇಲೆತ್ತಿದರೆ ಹತ್ತುತ್ತದೆ. ಮೂವತ್ತು ವರ್ಷದ ಕೈಗೆ ಹಳೇ ರೂಢಿ ಮರೆಸುವಷ್ಟರಲ್ಲಿ ಮೂರು ಸಲ ಸತ್ತ. ಆಮೇಲೆ ಯಾವಾಗ ಯಾವ ಸ್ವಿಚ್ಚು ಅನ್ನುವ ಇಂಗ್ಲಿಷ್ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ರಾಧಾಮಣಿಯ ಕೈಗೆ ಕೊಟ್ಟ. ಅವಳು ಅಕ್ಷರ ಕೂಡಿಸಿ ಓದುವುದು, ಇವನು ಒತ್ತುವುದು. ಆ ಕ್ಯಾಬಿನ್ನಿನಲ್ಲೂ ಎದ್ದು ಓಡಾಡಲು ಜಾಗವಿರಲಿಲ್ಲ. ಅಷ್ಟು ದೂರ ಹೋದರೂ ಕುರ್ಚಿ ತಪ್ಪಲಿಲ್ಲವಲ್ಲ ಅಂತ ಒಮ್ಮೊಮ್ಮೆ ಅವನಿಗೆ ಉಸಿರು ಕಟ್ಟುತ್ತಿತ್ತು.

ಈ ಶುಕ್ರವಾರ ಎಂಟನೇ ಪ್ರಯಾಣ. ಮಧ್ಯಾಹ್ನ ಎರಡರ ಹೊತ್ತಿಗೆ ಎಂದೂ ಬರದಷ್ಟು ದೂರ ಬಂದಿದ್ದರು. ಪರದೆಯ ಕಿಟಕಿಯಲ್ಲಿ ಚಂದ್ರ ರೊಟ್ಟಿ ಹೆಂಚಿನಷ್ಟು ದೊಡ್ಡದಾಗಿತ್ತು. ಆಮ್ಲಜನಕದ ಮುಳ್ಳು ಇಳಿಯತೊಡಗಿತು.

"ಬೇಗ ಓದೇ!"

ರಾಧಾಮಣಿ ಗಾಬರಿಯಲ್ಲಿ ಹಾಳೆ ತಿರುವಿದಳು. "ಮೇನ್... ಓಪನ್... ಮೇನ್ ತೆಗೀರಿ!"

ಅವನು ಮೇನ್ ತೆಗೆದ. ಪ್ಯಾನೆಲ್ಲಿನ ದೀಪಗಳೆಲ್ಲ ಒಟ್ಟಿಗೆ ಆರಿದವು. ಮುಳ್ಳುಗಳು ಬಿದ್ದವು. ಚಂದ್ರ ಕಿಟಕಿಯ ಅಂಚಿಗೆ ಜಾರಿಹೋದ.

"ಏನ್ ಓದಿದ್ಯೇ ನೀನು?"

"ಆಕ್ಸಿಜನ್ ಮೇನ್ ರೀ! ವಾಲ್ವ್ ತೆಗೀರಿ ಅಂದ್ರೆ ನೀವ್ಯಾಕೆ ಕರೆಂಟ್ ಆರಿಸಿದ್ರಿ?"

"ಮೇನ್ ತೆಗಿ ಅಂದ್ರೆ ಕರೆಂಟ್ ತಾನೇ?"

"ನಿಮಗೆ ಕರೆಂಟು. ನನಗೆ ಹೇಗ್ರೀ ಗೊತ್ತಾಗ್ಬೇಕು? ಬಾಗಿಲು ತೆಗಿ ಅಂದ್ರೆ ಮುಚ್ತಾರಾ?"

ಎದುರಿಗೇ ಕೂತು, ಕೈಯಲ್ಲಿ ಕಾಗದ ಹಿಡಿದು, ಸುಳ್ಳು ಹೇಳುವ ಅಗತ್ಯವೇ ಇಲ್ಲದವಳು ಅದೇ ಎರಡು ಮಾತು ಹೇಳಿದ್ದಳು. ಅವನು ತನಗೆ ಬೇಕಾದ ಹಾಗೆ ಕೇಳಿಸಿಕೊಂಡಿದ್ದ. ಪಾಷಾ ಕೂಡ ಅವತ್ತು ಹಾಗೇ ಕೇಳಿಸಿಕೊಂಡಿದ್ದ, ಕತೆ ಕಟ್ಟಿರಲಿಲ್ಲ. ಹದಿನಾಲ್ಕು ತಿಂಗಳು, ಅಷ್ಟೂ ಶುಕ್ರವಾರ ಅವನು ನಲವತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದ. ರಾಮಕೃಷ್ಣಪ್ಪನಿಗೆ ನಾಚಿಕೆಯಾಯಿತು, ಅಳುವೂ ಬಂತು.

ಬಾಗಿಲು ತಟ್ಟಿದ ಸದ್ದಾಯಿತು. ರಾಧಾಮಣಿ ಎದ್ದು ಅಭ್ಯಾಸದಂತೆ ಗಂಡನ ಕೈ ನೋಡಿದಳು. ಕೈ ಆಡಲಿಲ್ಲ.

"ತೆಗಿ," ಅಂದ.

ಪಾಷಾ ಹೊಸಿಲಲ್ಲೇ ನಿಂತ. ಗಡ್ಡ ಇನ್ನಷ್ಟು ನರೆತಿತ್ತು.

"ನೀನು ತೆಗ್ದಿದ್ದೆ ಕಣೋ. ನೀರಿನ್ದೇ ತೆಗ್ದಿದ್ದೆ. ತಪ್ಪು ನಂದು," ಅಂದ ರಾಮಕೃಷ್ಣಪ್ಪ.

"ಅದನ್ನೇ ತಾನೇ ಹೇಳ್ತಾ ಇದ್ದಿದ್ದು," ಅಂದ ಪಾಷಾ. ಆಮೇಲೆ ಏನೂ ಕೇಳದೆ ಒಳಬಂದು, ಕೆಳಗಿನ ಟೀ ಅಂಗಡಿಗೆ ನಡಿ ಅಂತ ಭುಜ ಕೊಟ್ಟ.

ಮೊದಲ ಮೆಟ್ಟಿಲ ತುದಿಯಲ್ಲಿ ರಾಮಕೃಷ್ಣಪ್ಪ ನಿಂತುಬಿಟ್ಟ. ಕೆಳಗಿನ ತಿರುವು ಬಾವಿಯಷ್ಟು ಆಳವಾಗಿ ಕಂಡಿತು.

"ಬಿಡಬೇಡ ಪಾಷಾ."

"ಬಿಡಬೇಡ ಅಂದ್ರೆ ಹಿಡ್ಕೋ ಅಂತ ತಾನೇ? ಸರಿಯಾಗ್ ಹೇಳ್ಬಿಡು ರಾಮಣ್ಣ."

"ಹಿಡ್ಕೋ ಅಂತಾನೇ ಕಣೋ," ಎಂದು ರಾಮಕೃಷ್ಣಪ್ಪ ಕಾಲು ಕೆಳಗಿಟ್ಟ.